ಪೀರಲ ಹಬ್ಬ ಮತ್ತು ಇಮಾಮ್ ಹುಸೇನರು

ರಾಯದುರ್ಗ, ಕಣೇಕಲ್ಲು, ಬೊಮ್ಮನಹಾಳ್ ಕಡೆಯ ಹಳ್ಳಿಗಳಲ್ಲಿ ಹುಸೇನಪ್ಪ, ಫಕೀರಪ್ಪ, ಕುಳ್ಳಾಯಪ್ಪ ಎಂಬ ಹೆಸರಿನವರು ಎದುರಾದರೆ ಅವರು ಯಾವ ಮತದವರೆಂದು ಹೆಸರಿನಿಂದ ಹೇಳಲು ಬಾರದು. ಬ್ಯಾಂಕಿನ ಲೆಡ್ಜರಿನಲ್ಲಿ ತಂದೆ ಬಸಪ್ಪ, ಮಗ ಹುಸೇನಪ್ಪ ಎಂದು ಬರೆಯುವುದು ನಮಗೆ ದಿನನಿತ್ಯದ ಕೆಲಸ. ಮಕ್ಕಳಿಲ್ಲದವರು ಮೊಹರಂನಲ್ಲಿ ಪೀರಲ ದೇವರಿಗೆ ಹರಕೆ ಹೊತ್ತು, ಮಗು ಹುಟ್ಟಿದ ಮೇಲೆ ಆ ಹೆಸರಿಡುವುದು ಇಲ್ಲಿಯ ರೂಢಿ. ಆದರೆ ಆ ಹುಸೇನರು ಯಾರು, ಅವರ ಬಾಳು ಎಂಥದು ಎಂದು ಕೇಳಿದರೆ, ಹೆಸರು ಹೊತ್ತವರಲ್ಲೇ ಬಹಳ ಮಂದಿ ಸುಮ್ಮನಾಗುತ್ತಾರೆ.

ಕಾಸರಗೋಡಿನ ಓದುಗರಿಗೆ ನಮ್ಮ ಸೀಮೆಯ ಬಗ್ಗೆ ಒಂದು ಮಾತು ಹೇಳಬೇಕು. ನಿಮಗೆ 1956 ಹೇಗೋ ರಾಯದುರ್ಗದವರಿಗೆ 1953 ಹಾಗೆ. ಆ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಮಡಕಶಿರಾ ಮೊದಲಿನಿಂದಲೂ ಅನಂತಪುರ ಜಿಲ್ಲೆಯದು. 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅದರ ಪಕ್ಕದಲ್ಲೇ ಶಿರಾ, ಪಾವಗಡ, ಮಧುಗಿರಿಗಳಿವೆ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಯನ್ನು ನೋಡಿದವರಿಗೆ ಇಸ್ಲಾಂ ಹಡಗಿನಲ್ಲಿ ಬಂದ ಧರ್ಮ. ನಮ್ಮ ಕಡೆ ಅದು ಬಂದದ್ದು ನೆಲದ ದಾರಿಯಲ್ಲಿ, ಫಕೀರರ ಹಿಂದೆ ಮತ್ತು ದಖ್ಖನಿನ ಸುಲ್ತಾನರ ದಂಡಿನ ಹಿಂದೆ. ಬಿಜಾಪುರದ ಆದಿಲ್‌ಶಾಹಿಗಳಲ್ಲೂ ಗೋಲ್ಕೊಂಡದ ಕುತುಬ್‌ಶಾಹಿಗಳಲ್ಲೂ ಶಿಯಾ ಪಂಥದ ಅರಸರು ಹಲವರಿದ್ದರು. ಶಿರಾ ಪಟ್ಟಣ 1638ರಲ್ಲಿ ಬಿಜಾಪುರದವರ ಕೈಸೇರಿತು. ಆ ಅರಸರ ರಾಜಧಾನಿಗಳಲ್ಲಿ ಬೆಳೆದ ಮೊಹರಂ ಆಚರಣೆ ಹಳ್ಳಿಗೆ ಇಳಿದು, ಹಳ್ಳಿಯ ದೇವರುಗಳ ನಡುವೆ ಜಾಗ ಹಿಡಿಯಿತು.

ನಿಮ್ಮ ಕಡೆ ಇಲ್ಲದ ಕಾರಣ ಹಬ್ಬವನ್ನೂ ಸ್ವಲ್ಪ ವಿವರಿಸಬೇಕು. ಚಂದ್ರ ಕಂಡ ಮೇಲೆ ಪೀರ್ ಚಾವಡಿಯ ಮುಂದೆ ಅಲಾವಿ ಗುಂಡಿ ತೋಡುತ್ತಾರೆ. ಬಟ್ಟೆ ಸುತ್ತಿದ ಲೋಹದ ಪಂಜಾಗಳನ್ನು ಕೂಡಿಸುತ್ತಾರೆ. ಪಂಜಾದ ಐದು ಬೆರಳೆಂದರೆ ಪೈಗಂಬರರು, ಮಗಳು ಫಾತಿಮಾ, ಅಳಿಯ ಅಲಿ, ಮೊಮ್ಮಕ್ಕಳಾದ ಹಸನ್ ಮತ್ತು ಹುಸೇನ್. ಹರಕೆಯವರು ಕೆಂಪು ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಕೊಲೆಯ ರಾತ್ರಿ ಎಂಬರ್ಥದ ‘ಕತ್ಲ್’ ರಾತ್ರಿ ಕನ್ನಡಿಗರ ಬಾಯಲ್ಲಿ ‘ಕತ್ತಲ ರಾತ್ರಿ’ ಆಗಿದೆ. ತಪ್ಪು ಉಚ್ಚಾರಣೆಯೇ ಇರಬಹುದು, ಆದರೂ ಆ ರಾತ್ರಿಗೆ ಒಪ್ಪುವ ಹೆಸರು.

ಹುಸೇನರು ಹುಟ್ಟಿದ್ದು 626ರಲ್ಲಿ, ಮದೀನದಲ್ಲಿ. ತಂದೆ ಅಲಿ ನಾಲ್ಕನೆಯ ಖಲೀಫರಾಗಿ 661ರಲ್ಲಿ ಕೊಲೆಯಾದರು. ಅಣ್ಣ ಹಸನರು ರಕ್ತಪಾತ ಬೇಡವೆಂದು ಮುಆವಿಯಾನೊಡನೆ ಒಪ್ಪಂದ ಮಾಡಿಕೊಂಡು ಅಧಿಕಾರ ಬಿಟ್ಟುಕೊಟ್ಟರು. ಅಣ್ಣ 670ರ ಸುಮಾರಿಗೆ ತೀರಿಕೊಂಡ ಮೇಲೂ ಹುಸೇನರು ಆ ಒಪ್ಪಂದವನ್ನು ಮುರಿಯಲಿಲ್ಲ. ದಂಗೆಯೇಳಿ ಎಂದು ಕೂಫಾದವರು ಆಗಲೇ ಒತ್ತಾಯಿಸಿದ್ದುಂಟು. ಹತ್ತು ವರ್ಷ ಅವರು ತಾಳಿಕೊಂಡಿದ್ದನ್ನು ಹಾಡಿನಲ್ಲಿ ಯಾರೂ ಹೇಳುವುದಿಲ್ಲ. ಅವರ ಸ್ವಭಾವ ತಿಳಿಯಬೇಕಾದರೆ ಇದನ್ನೇ ಮೊದಲು ನೋಡಬೇಕೆಂದು ನನ್ನ ಅಭಿಪ್ರಾಯ. ಅವರು ಯುದ್ಧಕ್ಕೆ ಹಾತೊರೆದ ಮನುಷ್ಯರಲ್ಲ.

ಮುಆವಿಯಾ 680ರಲ್ಲಿ ಸತ್ತು ಅವನ ಮಗ ಯಜೀದ್ ಪಟ್ಟಕ್ಕೆ ಬಂದ. ಖಲೀಫನ ಸ್ಥಾನ ತಂದೆಯಿಂದ ಮಗನಿಗೆ ಆಸ್ತಿಯಂತೆ ಬಂದದ್ದು ಅದೇ ಮೊದಲು ಎನ್ನಬಹುದು. ಹುಸೇನರು ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಮದೀನ ಬಿಟ್ಟು ಮೆಕ್ಕಾಕ್ಕೆ ಹೋದರು. ಕೂಫಾದಿಂದ ಪತ್ರಗಳ ಮೇಲೆ ಪತ್ರ ಬಂದವು. ಪರಿಸ್ಥಿತಿ ನೋಡಿಬರಲು ಕಳಿಸಿದ ದಾಯಾದಿ ಮುಸ್ಲಿಂ ಇಬ್ನ್ ಅಕೀಲರನ್ನು ಅಲ್ಲಿಯ ಅಧಿಕಾರಿ ಉಬೈದುಲ್ಲಾ ಕೊಲ್ಲಿಸಿದ. ಪತ್ರ ಬರೆದ ಊರು ಬಾಗಿಲು ಹಾಕಿಕೊಂಡಿತು. ಹುಸೇನರಿಗೆ ಈ ಸುದ್ದಿ ಮುಟ್ಟಿದ್ದು ದಾರಿಯಲ್ಲಿ; ಅಷ್ಟರಲ್ಲಿ ಹೆಂಗಸರು ಮಕ್ಕಳೊಡನೆ ಬಹುದೂರ ಬಂದಿದ್ದರು.

ಅವರನ್ನು ತಡೆಯಲು ಸಾವಿರ ಸವಾರರೊಡನೆ ಹುರ್ ಎಂಬ ಸೇನಾನಿ ಬಂದ. ಮರಳುಗಾಡಿನ ನಡು ಮಧ್ಯಾಹ್ನ, ದಂಡು ಬಾಯಾರಿ ಬಳಲಿತ್ತು. ಹುಸೇನರು ತಮ್ಮಲ್ಲಿದ್ದ ನೀರನ್ನು ಆ ಸಿಪಾಯಿಗಳಿಗೂ ಅವರ ಕುದುರೆಗಳಿಗೂ ಕುಡಿಸಿದರು. ನಮಾಜಿನ ಹೊತ್ತಾದಾಗ ಎರಡೂ ಕಡೆಯವರು ಅವರ ಹಿಂದೆಯೇ ನಿಂತು ಪ್ರಾರ್ಥಿಸಿದರು. ಇದನ್ನು ಬರೆದಿಟ್ಟವನು 923ರಲ್ಲಿ ತೀರಿಕೊಂಡ ಇತಿಹಾಸಕಾರ ತಬರಿ, ಹಿಂದಿನವನಾದ ಅಬೂ ಮಿಖ್ನಫನನ್ನು ಆಧರಿಸಿ. ದರ್ಗಾ ಹೊನ್ನೂರಿನ ಬಳಿ ಹಗರಿಯ ಮರಳು ಹೊಲಗಳಿಗೆ ನುಗ್ಗುವುದನ್ನು ಕಂಡವರಿಗೆ, ಬತ್ತಿದ ಹೊಳೆಯಲ್ಲಿ ಒರತೆ ತೋಡಿ ಕೊಡ ತುಂಬಿಸಿದವರಿಗೆ, ವೈರಿಯ ಕುದುರೆಗೆ ನೀರು ಕೊಡುವುದು ಎಂಥ ಕೆಲಸವೆಂದು ಬಿಡಿಸಿ ಹೇಳಬೇಕಿಲ್ಲ.

ಮೊಹರಂ ತಿಂಗಳ 2ನೆಯ ದಿನ ಅವರನ್ನು ಕರ್ಬಲಾದ ಬಯಲಲ್ಲಿ ಇಳಿಸಲಾಯಿತು. ಉಮರ್ ಇಬ್ನ್ ಸಅದ್ ನಾಲ್ಕು ಸಾವಿರ ದಂಡಿನೊಡನೆ ಬಂದ. ಮಾತುಕತೆ ನಡೆಯಿತು, ಬಂದ ದಾರಿಯಲ್ಲೇ ಹಿಂದಿರುಗುತ್ತೇನೆಂದು ಹುಸೇನರು ಹೇಳಿದರು. ಉಬೈದುಲ್ಲಾ ಒಪ್ಪಲಿಲ್ಲ. 7ನೆಯ ದಿನದಿಂದ ಯೂಫ್ರಟಿಸ್ ನದಿಯ ನೀರನ್ನೂ ತಡೆದರು. ಕೊನೆಯ ರಾತ್ರಿ ಹುಸೇನರು ಸಂಗಡಿಗರನ್ನು ಕರೆದು, ಅವರಿಗೆ ಬೇಕಾದವನು ನಾನೊಬ್ಬನೇ, ಕತ್ತಲಿದೆ, ನೀವೆಲ್ಲ ಹೊರಟುಬಿಡಿ ಎಂಬ ಅರ್ಥದ ಮಾತನಾಡಿದರು. ಹೋಗುವವರಿಗೆ ನಾಚಿಕೆಯಾಗದಿರಲೆಂದು ದೀಪವನ್ನೂ ಆರಿಸಿದರೆಂದು ಜನ ಹೇಳುತ್ತಾರೆ. ಆಪ್ತರು ಕದಲಲಿಲ್ಲ. ಬೆಳಿಗ್ಗೆ ಎದುರಿನ ದಂಡಿನಿಂದ ಒಬ್ಬ ಕುದುರೆ ತಿರುಗಿಸಿಕೊಂಡು ಈ ಕಡೆಗೆ ಬಂದ. ಅವನೇ ಹುರ್. ನಿಮ್ಮನ್ನು ಇಲ್ಲಿಗೆ ತಂದವನು ನಾನು, ನನಗೆ ಕ್ಷಮೆಯುಂಟೇ ಎಂದು ಕೇಳಿದ. ಉಂಟೆಂದರು. ಅವರ ಪರವಾಗಿಯೇ ಕಾದಿ ಸತ್ತ.

680ರ ಅಕ್ಟೋಬರ್ 10, ಮೊಹರಂ 10ನೆಯ ದಿನ. ಒಂದು ಕಡೆ ಎಪ್ಪತ್ತೆರಡು ಮಂದಿಯೆಂದು ಪರಂಪರೆಯ ಲೆಕ್ಕ. ನೀರು ತರಲು ಹೋದ ತಮ್ಮ ಅಬ್ಬಾಸರು, ಹಸನರ ಮಗ ಹುಡುಗ ಕಾಸಿಂ, ಎದೆಹಾಲಿನ ಕೂಸು, ಕಡೆಗೆ 54ರ ವಯಸ್ಸಿನ ಹುಸೇನರು. ಕಾಯಿಲೆ ಬಿದ್ದಿದ್ದ ಮಗ ಜೈನುಲ್ ಆಬಿದೀನ್ ಉಳಿದರು. ಸೆರೆಯಾಗಿ ಡಮಾಸ್ಕಸ್ಸಿಗೆ ಹೋದ ತಂಗಿ ಜೈನಬರು ಯಜೀದನ ಆಸ್ಥಾನದಲ್ಲೇ ನಿಂತು ಅವನನ್ನು ಖಂಡಿಸಿದರು. ಯಜೀದ್ 683ರಲ್ಲಿ ಸತ್ತ. ಅವನ ಹೆಸರಿನ ಅಪ್ಪ ಯಾರೂ ನಮ್ಮ ಲೆಡ್ಜರುಗಳಲ್ಲಿ ಇಲ್ಲ.

ಪಂಜಾಕ್ಕೆ ಹೂವೇರಿಸಿ ಬೆಂಕಿ ತುಳಿಯುವುದು ಧರ್ಮಸಮ್ಮತವಲ್ಲ ಎನ್ನುವ ಮುಸ್ಲಿಂ ವಿದ್ವಾಂಸರಿದ್ದಾರೆ. ಅವರ ಶಾಸ್ತ್ರಕ್ಕೆ ಉತ್ತರ ಕೊಡುವ ಅರ್ಹತೆ ನನಗಿಲ್ಲ. ಇದು ತಮ್ಮ ಹಬ್ಬವಲ್ಲವೆಂದು ದೂರ ಸರಿಯುವ ಹಿಂದೂಗಳೂ ಇದ್ದಾರೆ. ಅವರ ಅಜ್ಜಂದಿರ ಹೆಸರನ್ನು ಒಮ್ಮೆ ವಿಚಾರಿಸುವುದು ಒಳ್ಳೆಯದು. ನಾರ್ಪಲ ಮಂಡಲದ ಗುಗೂಡಿನಲ್ಲಿ ಕುಳ್ಳಾಯಪ್ಪನ ಪೀರ್ ಚಾವಡಿಗೆ ಮೊಹರಂನಲ್ಲಿ ಲಕ್ಷಗಟ್ಟಲೆ ಜನ ಬರುತ್ತಾರೆ, ಅಲ್ಲಿಯೇ ಆಂಜನೇಯನ ಗುಡಿಯೂ ಇದೆ. ನಮ್ಮ ಕಡೆಯೂ ಹತ್ತನೆಯ ದಿನ ಉಪವಾಸವಿದ್ದು ಮಸೀದಿಗೆ ಹೋಗುವವರಿದ್ದಾರೆ, ಅಲಾವಿಯ ಸುತ್ತ ಹೆಜ್ಜೆ ಹಾಕುವವರಿದ್ದಾರೆ, ಎರಡನ್ನೂ ಮಾಡುವ ಮನೆಗಳೂ ಉಂಟು.