ಪಾರ್ಸನ್

ಇಂಗ್ಲೆಂಡಿನ ಹಳ್ಳಿಗಳ ಕಥೆ ಓದುವವರಿಗೆ ಪಾರ್ಸನ್ ಹಳೆಯ ಪರಿಚಯದವನು. ಊರಿನ ಚರ್ಚಿನ ಪಾದ್ರಿ. ಪದದ ಮೂಲ ಲ್ಯಾಟಿನ್ನಿನ 'ಪೆರ್ಸೋನಾ'. ಮನುಷ್ಯ ಎಂಬರ್ಥದ 'ಪರ್ಸನ್' ಕೂಡ ಅಲ್ಲಿಂದಲೇ ಬಂದದ್ದು. ಪಾದ್ರಿಗೆ ಈ ಹೆಸರೇಕೆ? 18ನೇ ಶತಮಾನದ ಕಾನೂನು ಪಂಡಿತ ವಿಲಿಯಂ ಬ್ಲ್ಯಾಕ್‌ಸ್ಟನ್ ಪ್ರಕಾರ, ಕಣ್ಣಿಗೆ ಕಾಣದ ಚರ್ಚು ಈತನ ಮೂಲಕ ವ್ಯಕ್ತಿಯಾಗುತ್ತದೆ. ಅದರ ಹಕ್ಕಿಗಾಗಿ ದಾವೆ ಹೂಡುವವನು ಇವನೇ. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಪಾರ್ಸನ್ ಒಬ್ಬನೇ ಒಂದು ನಿಗಮ. ಅವನು ಸತ್ತರೆ ಚರ್ಚಿನ ಜಮೀನು ಮಕ್ಕಳಿಗಲ್ಲ, ಮುಂದಿನ ಪಾರ್ಸನ್‌ಗೆ ಸೇರುತ್ತಿತ್ತು.

ಊರಿನ ಫಸಲಿನ ಹತ್ತನೇ ಒಂದು ಪಾಲು, ಅಂದರೆ ದಶಾಂಶ, ಪೂರ್ತಿ ಪಡೆಯುತ್ತಿದ್ದ ಪಾರ್ಸನ್‌ಗೆ ರೆಕ್ಟರ್ ಎಂದು ಹೆಸರು. ಎಷ್ಟೋ ಕಡೆ ಮಠಗಳು ಈ ಆದಾಯವನ್ನು ತಾವಿಟ್ಟುಕೊಂಡು ಪೂಜೆಗೆ ಬೇರೊಬ್ಬನನ್ನು ಕೂರಿಸಿದವು. ಅವನೇ ವಿಕಾರ್, ಅಂದರೆ ಬದಲಿಯಾಳು. ಸಾಮಾನ್ಯವಾಗಿ ದವಸ, ಒಣಹುಲ್ಲು ಮಠಕ್ಕೆ. ಹಾಲು, ತರಕಾರಿಯಂಥ ಚಿಲ್ಲರೆ ಪಾಲು ವಿಕಾರನಿಗೆ. ದುಡಿದವನಿಗೆ ಸಿಕ್ಕಿದ್ದು ಅಷ್ಟೇ!

1530ರ ದಶಕದಲ್ಲಿ 8ನೇ ಹೆನ್ರಿ ಮಠಗಳನ್ನು ಮುಚ್ಚಿಸಿದ ಮೇಲೆ ಅವುಗಳ ಬಳಿಯಿದ್ದ ರೆಕ್ಟರನ ಹಕ್ಕುಗಳು ಎಷ್ಟೋ ಕಡೆ ಜಮೀನುದಾರರ ಕೈಸೇರಿದವು. ಚರ್ಚಿನ ಪೂಜಾವೇದಿಕೆಯ ಭಾಗವನ್ನು ರಿಪೇರಿ ಮಾಡಿಸುವ ಹೊಣೆಯೂ ಜೊತೆಗೇ ಬಂತು. ಆ ಹೊಣೆ ಹಾಗೆ ಸುಲಭಕ್ಕೆ ಬಿಡುವಂಥದ್ದಲ್ಲ. ಆಸ್ಟನ್ ಕ್ಯಾಂಟ್ಲೋ ಎಂಬ ಊರಲ್ಲಿ ಜಮೀನಿದ್ದ ದಂಪತಿ ಆ ಖರ್ಚು ಭರಿಸಲೇಬೇಕೆಂದು 2003ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ಈಗ ದಶಾಂಶವಿಲ್ಲ. ರೆಕ್ಟರ್, ವಿಕಾರ್ ನಡುವೆ ಉಳಿದಿರುವುದು ಹೆಚ್ಚುಕಡಿಮೆ ಹೆಸರಿನ ವ್ಯತ್ಯಾಸವಷ್ಟೇ. ಕಾನೂನಿನ ಭಾಷೆಯಲ್ಲಿ ಇಬ್ಬರೂ 'ಇನ್‌ಕಂಬೆಂಟ್', ಅಂದರೆ ಹುದ್ದೆಯಲ್ಲಿರುವವರು.