ಹೊಳೆಯವರೂ ಗೋಮಾಳದವರೂ ಕೂಡಿದ ಹೋರಾಟ

ಧಾರವಾಡದ ಸಮಾಜ ಪರಿವರ್ತನ ಸಮುದಾಯ ಹುಟ್ಟಿದ್ದು 1984ರಲ್ಲಿ. ಮೊದಲ ಹೋರಾಟಕ್ಕೆ ಅದು ದೂರ ಹುಡುಕಬೇಕಾಗಲಿಲ್ಲ. ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಹೊಲಸು ನೀರು ತುಂಗಭದ್ರೆಗೆ ಸೇರುತ್ತಿತ್ತು. ಕೆಳಗಿನ ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿಗಳ ಬಳಿ ಮೀನುಗಳು ಸತ್ತು ತೇಲಿದವು. ಆ ನೀರನ್ನೇ ನಂಬಿದ್ದ ಮೀನುಗಾರರೂ ರೈತರೂ ಕಂಗಾಲಾದರು. ಅಮೆರಿಕದಿಂದ ಮರಳಿ ಮೆಡ್ಲೇರಿ ಸೀಮೆಯಲ್ಲಿ ಗ್ರಾಮಾಭಿವೃದ್ಧಿಗೆ ನಿಂತಿದ್ದ, ಸಮುದಾಯದ ಸ್ಥಾಪಕ ಎಸ್.ಆರ್. ಹಿರೇಮಠರಿಗೆ ಈ ಊರುಗಳು ಹೊಸವಲ್ಲ.

ಅದೇ ವರ್ಷ ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಸರ್ಕಾರದ ಅರಣ್ಯ ಅಭಿವೃದ್ಧಿ ನಿಗಮದ ಪಾಲು ಶೇ. 51, ಹರಿಹರದ ಕಂಪನಿಯದು ಶೇ. 49. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿ ಅದಕ್ಕೆ ನಿಗದಿಯಾಯಿತು. ಕಡತದಲ್ಲಿ ಅದು ಪಾಳು; ಊರವರ ಪಾಲಿಗೆ ದನ ಮೇಯುವ, ಸೌದೆ ಆಯುವ, ಭೂಮಿಯಿಲ್ಲದವರೂ ಎರಡು ಆಡು ಸಾಕಿಕೊಳ್ಳುವ ಜಾಗ.

ಹೊಳೆ ಕೆಟ್ಟವರೂ ಗೋಮಾಳ ಕಳಕೊಂಡವರೂ ಒಂದೇ ಕಾರ್ಖಾನೆಯ ಎದುರಿಗಿದ್ದಾರೆಂದು ಮನಗಂಡದ್ದೇ ಈ ಚಳವಳಿಯ ನಿಜವಾದ ಬಲವೆಂದು ನಾನು ನಂಬುತ್ತೇನೆ. ರೈತರು, ಸ್ವಯಂಸೇವಾ ಸಂಸ್ಥೆಗಳು, ವಕೀಲರು, ವಿಜ್ಞಾನ ಬಲ್ಲವರು, ಸಾಹಿತಿಗಳು ತಮ್ಮ ತಮ್ಮ ಕೈಲಾದದ್ದನ್ನು ತಂದರು. 1986ರಲ್ಲಿ ಸಾಹಿತಿ ಶಿವರಾಮ ಕಾರಂತರು ಮುಂದೆ ನಿಂತು, ಪಲ್ಪ್‌ವುಡ್ಸ್‌ಗೆ ಭೂಮಿ ಕೊಡುವುದರ ವಿರುದ್ಧ ಸುಪ್ರೀಂ ಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಎಂಬತ್ತು ದಾಟಿದ ಆ ಹಿರಿಯರ ಹೆಸರು ಅರ್ಜಿಯ ಮೇಲಿದ್ದುದರಿಂದ ಹಳ್ಳಿಯವರ ದೂರನ್ನು ಯಾರೂ ಹಗುರವಾಗಿ ತಳ್ಳುವಂತಿರಲಿಲ್ಲ. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು.

ಕೋರ್ಟಿಗೆ ಬಿಟ್ಟು ಸುಮ್ಮನಿರುವ ಜನ ಅವರಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಗಂಡಸರು, ಹೆಂಗಸರು ಕೂಡಿ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಊರಿಗೆ ಉಪಯೋಗ ಬೀಳುವ ಸಸಿಗಳನ್ನು ನೆಟ್ಟರು. ಪೊಲೀಸರು ಬಂಧಿಸಿದರು, ಯಾರೂ ಕೈ ಎತ್ತಲಿಲ್ಲ. ಕಿತ್ತು ಸುಮ್ಮನಾಗಿದ್ದರೆ ಅದನ್ನು ಬರೀ ಧ್ವಂಸವೆಂದು ಜರೆಯಬಹುದಿತ್ತು. ನೆಟ್ಟದ್ದರಿಂದ ಈ ಭೂಮಿಯಲ್ಲಿ ಏನು ಬೆಳೆಯಬೇಕೆಂದು ಹೇಳುವ ಹಕ್ಕು ತಮ್ಮದೆಂದು ಊರವರು ತೋರಿಸಿದಂತಾಯಿತು.

ಪಲ್ಪ್‌ವುಡ್ಸ್ ಕಂಪನಿ 1991ರಲ್ಲಿ ಮುಚ್ಚಿತು. ಸಮುದಾಯ ಮಾತ್ರ ಬಾಗಿಲು ಹಾಕಲಿಲ್ಲ. ದಾಖಲೆ ಕೂಡಿಸಿ, ಊರಲ್ಲಿ ಜನರ ಜೊತೆ ನಿಂತು, ದಿಲ್ಲಿಯಲ್ಲಿ ವಾದಿಸುವ ಅದೇ ಕ್ರಮದಲ್ಲಿ 2009ರಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2011ರ ಜುಲೈನಲ್ಲಿ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನು ನಿಲ್ಲಿಸಿತು.