ಹಾಡಿನ ಕೊನೆಗೊಂದು ಹೆಸರು

ಪುರಂದರದಾಸರ ಪದ ಕೊನೆಯ ಚರಣಕ್ಕೆ ಬಂದಾಗ ‘ಪುರಂದರ ವಿಠಲ’ ಎಂಬ ಅಂಕಿತ ಕೇಳಿಸುತ್ತದೆ. ಕನಕದಾಸರದಾದರೆ ಕಾಗಿನೆಲೆಯ ಆದಿಕೇಶವ, ಬಸವಣ್ಣನವರ ವಚನವಾದರೆ ಕೂಡಲಸಂಗಮದೇವ, ಶರೀಫರ ತತ್ವಪದವಾದರೆ ಶಿಶುನಾಳಧೀಶ. ಇಷ್ಟದೈವಕ್ಕೆ ಒಪ್ಪಿಸುವ ಮುದ್ರೆಯಾದ ಈ ಅಂಕಿತ ಮತ್ತೊಂದು ಕೆಲಸವನ್ನೂ ಮಾಡಿಕೊಂಡು ಬಂದಿದೆ. ಓಲೆಗರಿಯ ನೆರವಿಲ್ಲದೆ ಬಾಯಿಂದ ಬಾಯಿಗೆ ಸಾಗಿದ ಪದ ಯಾರದೆಂಬುದನ್ನು ಅದೇ ಹೇಳಿದೆ. ದಾಸರು ಹಾಡಿದ ಮೂಲ ಧಾಟಿಗಳು ಬಹುಪಾಲು ಉಳಿಯಲಿಲ್ಲ, ಹೆಸರು ಉಳಿಯಿತು. ಹಾಡಿನೊಳಗೇ ಹೊಸೆದುಕೊಂಡಿದ್ದರಿಂದ ಅದನ್ನು ಕಳಚಿ ಬಿಸುಡಲು ಆಗಲಿಲ್ಲ.

ಧ್ವನಿಮುದ್ರಣದ ಕಾಲ ಬಂದಾಗ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದುರಾಯಿತು. ೧೯೦೨ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಮುದ್ರಿಸಿಕೊಂಡರು. ಆಗ ತಟ್ಟೆಗಳನ್ನು ಅಚ್ಚುಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ನಮ್ಮ ಭಾಷೆಯಾಗಲಿ, ಗಾಯಕರ ಗುರುತಾಗಲಿ ತಿಳಿಯದು. ಅದಕ್ಕೆಂದೇ ಗೌಹರ್ ಜಾನ್ ಹಾಡು ಮುಗಿಸುತ್ತಿದ್ದಂತೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ ೧೯೩೦ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಇಂದಿಗೂ ಆ ಮುದ್ರಣ ಕೇಳುವವರಿಗೆ ರಾಗದ ಜೊತೆಗೆ ಆಕೆಯ ಹೆಸರು ಆಕೆಯ ಧ್ವನಿಯಲ್ಲೇ ದೊರೆಯುತ್ತದೆ.

ಹೆಸರನ್ನು ತಟ್ಟೆಯ ನಡುವಿನ ದುಂಡು ಚೀಟಿಯ ಮೇಲೆ ಮುದ್ರಿಸುವ ರೂಢಿ ನೆಲೆಯಾದ ಮೇಲೆ ಹಾಗೆ ಕೂಗಿ ಹೇಳುವ ಅಗತ್ಯ ಉಳಿಯಲಿಲ್ಲ. ೧೯೬೩ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ತಂದಿತು. ೧೯೭೮ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದು ಭಾವಗೀತೆ ಮನೆಮನೆಗೆ ತಲುಪಿತು. ಆದರೆ ಕ್ಯಾಸೆಟ್ಟಿನಲ್ಲಿ ಹೆಸರಿನ ಪಟ್ಟಿ ಡಬ್ಬಿಯೊಳಗಿನ ಬಿಡಿ ಕಾಗದಕ್ಕೆ ಹೋಗಿತ್ತು. ಊರಿನಿಂದ ಮುಂಬಯಿಗೋ ದೆಹಲಿಗೋ ಬಂದ ಒಂದು ಕ್ಯಾಸೆಟ್ಟಿನಿಂದ ಹತ್ತು ಪ್ರತಿಗಳಾದಾಗ ಹಾಡು ಹತ್ತು ಮನೆ ಸೇರಿತು. ಕಾಗದ ಒಂದೇ ಮನೆಯಲ್ಲಿ ಉಳಿಯಿತು.

೧೯೮೨ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯ ಕಥೆ ಇನ್ನೂ ವಿಚಿತ್ರ. ಸೆಕೆಂಡಿಗೆ ೪೪,೧೦೦ ಬಾರಿ ಧ್ವನಿಯನ್ನು ಅಳೆದು ಬರೆದಿಡುವ ಆ ತಟ್ಟೆಯ ಮೂಲ ವಿನ್ಯಾಸದಲ್ಲಿ ಹಾಡಿನ ಹೆಸರಿಗೆ ಜಾಗವೇ ಇರಲಿಲ್ಲ. ಯಾವ ಹಾಡು ಎಲ್ಲಿ ಆರಂಭವಾಗುತ್ತದೆ ಎಂಬ ಲೆಕ್ಕ ಮಾತ್ರ ಇತ್ತು. ತೊಂಬತ್ತರ ದಶಕದಲ್ಲಿ ಟಿ ಕಾನ್ ಮತ್ತು ಸ್ಟೀವ್ ಶೆರ್ಫ್ ಆ ಲೆಕ್ಕವನ್ನೇ ಗುರುತಾಗಿ ಬಳಸಿ ಸಿ.ಡಿ.ಡಿ.ಬಿ. ಎಂಬ ದತ್ತಕೋಶ ಕಟ್ಟಿದರು. ಅದರಲ್ಲಿ ಹೆಸರುಗಳನ್ನು ತುಂಬಿದವರು ಸಾಮಾನ್ಯ ಕೇಳುಗರು. ಅದು ವ್ಯಾಪಾರದ ಸ್ವತ್ತಾದಾಗ ಎಲ್ಲರಿಗೂ ಮುಕ್ತವಾದ ‘ಮ್ಯೂಸಿಕ್‌ಬ್ರೇನ್ಜ್’ ಹುಟ್ಟಿಕೊಂಡಿತು. ಯಾರೂ ಹೆಸರು ತುಂಬದ ತಟ್ಟೆಯ ಹಾಡುಗಳು ಗಣಕಯಂತ್ರದಲ್ಲಿ ‘ಟ್ರ್ಯಾಕ್ ೧’, ‘ಟ್ರ್ಯಾಕ್ ೨’ ಎಂದೇ ಉಳಿದವು. ನಮ್ಮ ಅನೇಕರ ಮನೆಯ ಸಂಗ್ರಹದಲ್ಲಿ ಅವು ಇಂದೂ ಹಾಗೆಯೇ ಇವೆ.

ಎಂ.ಪಿ.೩ ಕಡತಕ್ಕೆ ಹೆಸರಿನ ಚೀಟಿ ಅಂಟಿಸುವ ಉಪಾಯವನ್ನು ೧೯೯೬ರಲ್ಲಿ ಎರಿಕ್ ಕೆಂಪ್ ರೂಪಿಸಿದರು. ‘ಐ.ಡಿ.೩’ ಎಂಬ ಆ ಚೀಟಿ ಇದ್ದುದು ಕಡತದ ತೀರಾ ಕೊನೆಯಲ್ಲಿ, ಅಂಕಿತದ ಹಾಗೆ. ಒಟ್ಟು ೧೨೮ ಬೈಟುಗಳು. ಹಾಡಿಗೆ ೩೦, ಕಲಾವಿದರಿಗೆ ೩೦, ಸಂಗ್ರಹದ ಹೆಸರಿಗೆ ೩೦. ಕನ್ನಡದ ಒಂದೊಂದು ಸಂಕೇತಕ್ಕೂ ಯು.ಟಿ.ಎಫ್.-೮ ಪದ್ಧತಿಯಲ್ಲಿ ಮೂರು ಬೈಟು ಬೇಕು. ‘ಪುರಂದರದಾಸರು’ ಎಂದು ಬರೆಯಲು ೩೩ ಬೈಟು. ಆ ಚೌಕದಲ್ಲಿ ಕೊನೆಯ ಕೊಂಬು ಹೊರಗುಳಿಯುತ್ತದೆ. ಇದು ಕಾಗದದ ಮೇಲಿನ ಲೆಕ್ಕ ಮಾತ್ರ. ಆ ಚೀಟಿಯನ್ನು ರೂಪಿಸುವಾಗ ಎಣಿಸಿದ್ದು ರೋಮನ್ ಲಿಪಿಯನ್ನು. ಸಂಗೀತದ ಪ್ರಕಾರಗಳಿಗೆ ಮೊದಲು ಕೊಟ್ಟ ಎಂಬತ್ತು ಹೆಸರುಗಳಲ್ಲಿ ಕರ್ನಾಟಕವೂ ಇಲ್ಲ, ಹಿಂದೂಸ್ತಾನಿಯೂ ಇಲ್ಲ. ಮನ್ಸೂರರ ಗಾಯನಕ್ಕೆ ‘ಕ್ಲಾಸಿಕಲ್’ ಅಥವಾ ‘ಎತ್ನಿಕ್’ ಎಂಬ ಖಾನೆಯಲ್ಲೇ ಜಾಗ ಹುಡುಕಬೇಕು.

೧೯೯೮ರ ಎರಡನೆಯ ಆವೃತ್ತಿ ಈ ಇಕ್ಕಟ್ಟನ್ನು ಬಹುಮಟ್ಟಿಗೆ ನೀಗಿಸಿತು. ಯೂನಿಕೋಡ್ ಬಂದುದರಿಂದ ಕನ್ನಡದಲ್ಲೇ ಬರೆಯಬಹುದಾಯಿತು. ಸಾಹಿತ್ಯ ರಚಿಸಿದವರು, ಸಂಯೋಜಕರು, ಗಾಯಕರು ಎಂದು ಬೇರೆ ಬೇರೆ ಖಾನೆಗಳು ಬಂದವು. ಭಾವಗೀತೆಗೆ ಬೇಕಾದುದು ಸರಿಯಾಗಿ ಈ ಮೂರೇ. ರಾಗ, ತಾಳಗಳಿಗೆ ನಮ್ಮದೇ ಖಾನೆ ತೆರೆಯಲೂ ಅವಕಾಶವಿದೆ. ಧ್ವನಿಯ ಒಂದು ಕಣವನ್ನೂ ಬಿಡದೆ ಕಾಯುವ, ೨೦೦೧ರಲ್ಲಿ ಬಂದ ‘ಫ್ಲ್ಯಾಕ್’ ವಿಧಾನದಲ್ಲೂ ಈ ಸ್ವಾತಂತ್ರ್ಯವಿದೆ.

ಹಾಗಿದ್ದೂ ನಮ್ಮ ಸಂಗ್ರಹಗಳು ಅಸ್ತವ್ಯಸ್ತವಾಗಿರಲು ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಸರಕಾರಿ ಕಚೇರಿಯ ಕಡತಗಳ ನಡುವೆ ದಿನ ಕಳೆಯುವ ನನಗೆ ತಿಳಿದ ಮಾತು ಇಷ್ಟೆ: ದಾಖಲೆ ಸುಟ್ಟು ಹೋಗುವುದು ಅಪರೂಪ, ತಪ್ಪು ಹೆಸರಿನಡಿ ಕಳೆದುಹೋಗುವುದೇ ಹೆಚ್ಚು. ಕಪಾಟಿನಲ್ಲಿ ಒಂದು ತಟ್ಟೆಗೆ ಒಂದೇ ಜಾಗ. ಆದ್ದರಿಂದ ದಾಸರ ಪದವನ್ನು ದಾಸರ ಹೆಸರಿನಲ್ಲಿಡಬೇಕೋ ಭೀಮಸೇನ ಜೋಶಿಯವರ ಹೆಸರಿನಲ್ಲಿಡಬೇಕೋ ಎಂಬ ಜಗಳವಿತ್ತು. ಚೀಟಿಯನ್ನು ಪೂರ್ತಿ ತುಂಬಿದ ಕಡತಕ್ಕೆ ಆ ಜಗಳವಿಲ್ಲ. ಅಂಕಿತದಿಂದ ಹುಡುಕಿದರೂ, ಗಾಯಕರಿಂದ ಹುಡುಕಿದರೂ, ರಾಗದಿಂದ ಹುಡುಕಿದರೂ ಸಿಗುತ್ತದೆ.

ಹೊರನಾಡಿನ ನಮಗೆ ಈ ಕೆಲಸದ ತುರ್ತು ಒಂದು ಹಿಡಿ ಹೆಚ್ಚು. ಊರಿನಲ್ಲಾದರೆ ಹೆಸರಿಲ್ಲದ ಹಾಡನ್ನು ಕೇಳಿ ‘ಇದು ಇಂಥವರದು’ ಎನ್ನುವ ಹಿರಿಯರು ಪಕ್ಕದ ಬೀದಿಯಲ್ಲಿರುತ್ತಾರೆ. ಪುಣೆಯಲ್ಲಿ, ಚೆನ್ನೈಯಲ್ಲಿ ಆ ನೆನಪು ಮನೆಯ ಒಬ್ಬಿಬ್ಬರಲ್ಲಿ ಉಳಿದಿರುತ್ತದೆ. ಅವರು ಜೊತೆಗಿರುವಾಗಲೇ ಕೂತು, ಕೇಳಿ, ಬರೆಸಿಕೊಳ್ಳಬೇಕು. ಕನ್ನಡ ಓದಲು ಬಾರದ ಮಕ್ಕಳಿರುವ ಮನೆಯಲ್ಲಿ ಹೆಸರನ್ನು ಎರಡು ಲಿಪಿಯಲ್ಲೂ ಬರೆದಿಡುವುದು ಲೇಸು. ಇಡೀ ಸಂಗ್ರಹದ ಎರಡನೆಯ ಪ್ರತಿ ಬೇರೊಂದು ಡಿಸ್ಕಿನಲ್ಲಿರಲಿ. ವಾರಕ್ಕೆ ಹತ್ತು ಹಾಡಿನಂತೆ ಹೋದರೂ ವರುಷಕ್ಕೆ ಐನೂರು ಹಾಡುಗಳಿಗೆ ಅವುಗಳ ಹೆಸರು ಮರಳಿ ಸಿಕ್ಕೀತು. ಮೊದಲು ‘ಟ್ರ್ಯಾಕ್ ೧’ರಿಂದ ಆರಂಭಿಸಬಹುದು.